ಎದುರಾಳಿಯ ಋಣ

ಕ್ಯಾನ್ಸಸ್ ನದಿ ಮೊದಲು ಮ್ಯಾನ್‌ಹ್ಯಾಟನ್ ಊರಿನ ಪಕ್ಕ ಹಾಯುತ್ತದೆ, ಆಮೇಲೆ ಟೊಪೀಕಾ, ಅದಾದ ಮೇಲೆ ಲಾರೆನ್ಸ್. ಮ್ಯಾನ್‌ಹ್ಯಾಟನ್ನಿನಲ್ಲಿರುವುದು ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿ, ಲಾರೆನ್ಸಿನಲ್ಲಿರುವುದು ಯೂನಿವರ್ಸಿಟಿ ಆಫ್ ಕ್ಯಾನ್ಸಸ್. ಮೊದಲನೆಯದನ್ನು ಕೆ-ಸ್ಟೇಟ್ ಎಂದೂ ಎರಡನೆಯದನ್ನು ಕೆಯು ಎಂದೂ ಕರೆಯುತ್ತಾರೆ. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು, ಒಂದೇ ಖಜಾನೆಯ ಅನ್ನ ಉಂಡವು. ನಡುವೆ ಸುಮಾರು 130 ಕಿಲೋಮೀಟರ್ ಹೆದ್ದಾರಿ. ಮ್ಯಾನ್‌ಹ್ಯಾಟನ್ನಿನಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜ, "ನಾವು ಬಳಸಿ ಬಿಟ್ಟ ನೀರನ್ನು ಅವರು ಕುಡಿಯುತ್ತಾರೆ" ಎಂದು ತೃಪ್ತಿಯಿಂದ ಹೇಳುತ್ತಿದ್ದ. "ಅಂಥ ನೀರು ಕುಡಿದೂ ನಾವೇ ಗೆಲ್ಲುತ್ತೇವೆ" ಎಂದು ಅಡುಗೆಮನೆಯಿಂದ ಅಜ್ಜಿಯ ದನಿ ಬರುತ್ತಿತ್ತು. ಅಜ್ಜ ಕೆ-ಸ್ಟೇಟಿನಲ್ಲಿ ಓದಿದವನು, ಅಜ್ಜಿ ಕೆಯುನಲ್ಲಿ. ಮದುವೆಯಾಗಿ ನಲವತ್ತು ವರ್ಷ ದಾಟಿದ್ದರೂ ಈ ನೀರಿನ ವ್ಯಾಜ್ಯ ಇತ್ಯರ್ಥವಾಗಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ತೊಂಬತ್ತರ ದಶಕದ ನಡುವೆ, ಜೋಳದ ತಳಿಗಳ ಬಗ್ಗೆ ಓದಲು. ಧಾರವಾಡದಲ್ಲಿ ನಮ್ಮವ್ವ ಓಣಿಯವರಿಗೆಲ್ಲ "ಮಗ ಮ್ಯಾನ್‌ಹ್ಯಾಟನ್ನಿಗೆ ಹೋಗ್ಯಾನ" ಎಂದು ಹೇಳಿಕೊಂಡು ಬಂದಿದ್ದಳು. ಗಗನಚುಂಬಿ ಕಟ್ಟಡಗಳ ಫೋಟೋ ಕಳಿಸು ಎಂದು ಸಂಬಂಧಿಕರ ಪತ್ರಗಳು ಬಂದವು. ನನ್ನ ಕಣ್ಣಿಗೆ ಬಿದ್ದ ಅತಿ ಎತ್ತರದ ರಚನೆ ಎಂದರೆ ಕಾಳು ತುಂಬಿಡುವ ಕಣಜ. ಅದರ ಮುಂದೆ ನಿಂತು ಫೋಟೋ ತೆಗೆಸಿ ಕಳಿಸಿದೆ. ಅವ್ವ ಅದನ್ನು ಯಾರಿಗೂ ತೋರಿಸಲಿಲ್ಲವಂತೆ.

ಅಲ್ಲಿ ಇಳಿದ ಮೇಲೆ ನನಗೆ ಪರದೇಶದ ಭಾವನೆ ಬರಲಿಲ್ಲ. ಕಾರಣ ಧಾರವಾಡದಲ್ಲೂ ಇದೇ ಏರ್ಪಾಟಿದೆ. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ, ಊರಿನ ಇನ್ನೊಂದು ಬದಿಗೆ ಎತ್ತಿನಗುಡ್ಡದಲ್ಲಿ ಕೃಷಿ ವಿಶ್ವವಿದ್ಯಾಲಯ. ಗುಡ್ಡದ ಮೇಲಿನವರು ಸಾಹಿತ್ಯ, ತತ್ವಶಾಸ್ತ್ರ, ರಾಜಕಾರಣ ಮಾತಾಡುವವರು. ನಾವು ಕೆಳಗೆ ಕರಿಮಣ್ಣು ಮೆತ್ತಿದ ಬೂಟಿನವರು. 'ಒಕ್ಕಲುತನದ ಕಾಲೇಜಿನವರು' ಎಂದು ಅವರು ನಮ್ಮನ್ನು ಕರೆಯುವಾಗ ದನಿಯ ಅಂಚಿನಲ್ಲಿ ಒಂದು ಸಣ್ಣ ನಗು ಇರುತ್ತಿತ್ತು. ಕ್ಯಾನ್ಸಸ್‌ನಲ್ಲೂ ಕೆಯು ಇರುವುದು ಮೌಂಟ್ ಓರಿಯಡ್ ಎಂಬ ಗುಡ್ಡದ ಮೇಲೆ. ಅವರು ವಕೀಲರನ್ನೂ ವೈದ್ಯರನ್ನೂ ಪತ್ರಕರ್ತರನ್ನೂ ತಯಾರಿಸುತ್ತಾರೆ. ಕೆ-ಸ್ಟೇಟ್ 1863ರಲ್ಲಿ ಬೇಸಾಯ ಕಲಿಸುವ ಹರಕೆ ಹೊತ್ತು ಹುಟ್ಟಿದ್ದು. ಗುಡ್ಡದವರು ಅದನ್ನು 'ಸೈಲೊ ಟೆಕ್' ಎನ್ನುತ್ತಾರೆ, ಕಣಜದ ಕಾಲೇಜು ಎಂಬ ಕೀಟಲೆಯಲ್ಲಿ. ಕೆ-ಸ್ಟೇಟಿನವರು ಪ್ರತಿಯಾಗಿ ಅವರ ಗುಡ್ಡಕ್ಕೆ 'ಸ್ನಾಬ್ ಹಿಲ್' ಎಂದು ಹೆಸರಿಟ್ಟಿದ್ದಾರೆ. ಎರಡನ್ನೂ ಮೊದಲ ವಾರದಲ್ಲೇ ಕೇಳಿದೆ. ನಾನು ಯಾವ ಕಡೆಯವನು ಎಂಬುದು ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು.

ಅಜ್ಜ ಹೊಲ ಮಾರಿ ಊರೊಳಗೆ ಬಂದು ನೆಲೆಸಿದ್ದ ರೈತ. ಜೋಳ ಬೆಳೆಯುವುದರಲ್ಲಿ ಕ್ಯಾನ್ಸಸ್ ಅಮೆರಿಕಕ್ಕೇ ಮುಂದು. ಆದರೆ ಆಗ ಆ ಜೋಳ ಹೆಚ್ಚಾಗಿ ಹೋಗುತ್ತಿದ್ದದ್ದು ದನಗಳ ಹೊಟ್ಟೆಗೆ. ಜೋಳದ ಹಿಟ್ಟಿನ ರೊಟ್ಟಿ ತಿಂದು ಬೆಳೆದವನು ನಾನು ಎಂದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀವಮಾನವಿಡೀ ನಾನು ದನಕ್ಕೆ ಹಾಕಿದ್ದನ್ನು ನೀನು ಊಟ ಮಾಡಿ ಪಿಎಚ್.ಡಿ.ಗೆ ಬಂದಿದ್ದೀಯ" ಎಂದ. ಅಲ್ಲಿಯ ಕೆಂಪು ಜೋಳ ಬೀಸಿಸಿ ಬಡಿದ ರೊಟ್ಟಿಯ ಬಣ್ಣ ನೋಡಿ ನಮ್ಮೂರಿನ ಯಾವ ಹೆಂಗಸೂ ಅದನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. ಅಜ್ಜ ಅದಕ್ಕೆ ಜೇನು ಸವರಿಕೊಂಡು ತಿಂದ. ತನ್ನ ದನಗಳ ಬಗ್ಗೆ ಆವತ್ತಿನಿಂದ ಗೌರವ ಹೆಚ್ಚಾಯಿತು ಎಂದ.

ಆ ಮನೆಯ ಮುಂದಿನ ಅಂಚೆಪೆಟ್ಟಿಗೆಯ ಒಂದು ಬದಿಗೆ ಕೆ-ಸ್ಟೇಟಿನ ನೇರಳೆ ಬಣ್ಣ, ಇನ್ನೊಂದು ಬದಿಗೆ ಕೆಯು ನೀಲಿ. ನೀಲಿಯ ಮೇಲೆ ಕೆಂಪು ತಲೆಯ, ಹಳದಿ ಕೊಕ್ಕಿನ ಜೇಹಾಕ್ ಹಕ್ಕಿಯ ಚಿತ್ರ. ಯಾವ ಪಕ್ಷಿಶಾಸ್ತ್ರದ ಪುಸ್ತಕದಲ್ಲೂ ಇಲ್ಲದ, ಬೂಟು ತೊಟ್ಟ ಹಕ್ಕಿ ಅದು. ದೊಡ್ಡ ರಸ್ತೆಯಿಂದ ಬರುವವರಿಗೆ ಮೊದಲು ಕಾಣುವುದು ನೀಲಿ ಬದಿ ಎಂಬುದು ಅಜ್ಜನ ಕೊರಗು. ಪೆಟ್ಟಿಗೆಯನ್ನು ತಿರುಗಿಸಿ ನೆಡಬಹುದಲ್ಲ ಎಂದು ಕೇಳಿದೆ. "ಗೆದ್ದು ತಿರುಗಿಸುತ್ತೇನೆ" ಎಂದ. ನಾನು ಅಲ್ಲಿದ್ದಷ್ಟು ಕಾಲವೂ ಅದು ತಿರುಗಲಿಲ್ಲ.

ಹೇಗೆ ತಿರುಗೀತು? 1994ರಿಂದ 2005ರವರೆಗೆ ಕೆಯು ಬ್ಯಾಸ್ಕೆಟ್‌ಬಾಲ್ ತಂಡ ಕೆ-ಸ್ಟೇಟನ್ನು ಸತತ 31 ಸಲ ಸೋಲಿಸಿತು. ನನ್ನ ವಿದ್ಯಾರ್ಥಿ ಜೀವನ ಪೂರ್ತಿ ಆ ಬರಗಾಲದ ಒಳಗೇ ಕಳೆಯಿತು. ಚಳಿಗಾಲ ಬಂತೆಂದರೆ ಫ್ಲಿಂಟ್ ಹಿಲ್ಸ್ ಗುಡ್ಡಗಳ ಹುಲ್ಲು ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಬ್ರ್ಯಾಮ್‌ಲೇಜ್ ಕೊಲಿಸಿಯಂ ತುಂಬುತ್ತಿತ್ತು, ನಾವು ಸೋಲುತ್ತಿದ್ದೆವು. ವಸಂತಕ್ಕೆ ಮುಂಚೆ ಲಾರೆನ್ಸಿಗೆ ಹೋಗಿ ಅಲ್ಲೂ ಸೋತು ಬರುತ್ತಿದ್ದೆವು. ಆಮೇಲೆ ರೈತರು ಗುಡ್ಡದ ಹುಲ್ಲಿಗೆ ಬೆಂಕಿ ಕೊಡುತ್ತಿದ್ದರು, ಹೊಸ ಹಸಿರು ಬರುತ್ತಿತ್ತು, ಮುಂದಿನ ವರ್ಷ ನೋಡೋಣ ಎಂಬ ಮಾತು ಊರೆಲ್ಲ ಚಿಗುರುತ್ತಿತ್ತು.

ಸೋಲುವವರಲ್ಲಿ ನಾನು ಕಂಡ ಗುಣವೆಂದರೆ ಅವರು ಬಹಳ ಬೇಗ ಇತಿಹಾಸಕಾರರಾಗುತ್ತಾರೆ. ಗೆದ್ದವರಿಗೆ ನಿನ್ನೆಯ ಅಂಕಪಟ್ಟಿ ಸಾಕು. ಸೋತವರಿಗೆ ನೂರು ವರ್ಷದ ದಾಖಲೆ ಬೇಕು. ಅಜ್ಜನ ಬಳಿ ಅದು ಬಾಯಿಪಾಠವಾಗಿತ್ತು. ಬ್ಯಾಸ್ಕೆಟ್‌ಬಾಲನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಕೆಯುನವರ ದೊಡ್ಡ ಆಸ್ತಿ. 1891ರ ಚಳಿಯಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ, ಒಳಾಂಗಣದಲ್ಲಿ ಬೇಸತ್ತ ಹುಡುಗರನ್ನು ಸಂಭಾಳಿಸಲು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿ 13 ನಿಯಮ ಬರೆದ ಮೇಷ್ಟರು ಅವರು. 1898ರಲ್ಲಿ ಲಾರೆನ್ಸಿಗೆ ಬಂದರು, 1939ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಮಾಧಿ ಅಲ್ಲಿದೆ, ಅವರ ಹೆಸರಿನ ರಸ್ತೆ ಅಲ್ಲಿದೆ. ಈ ವಿವರಗಳನ್ನೆಲ್ಲ ಗೌರವದಿಂದ ಒಪ್ಪಿಸಿ ಅಜ್ಜ ಕೊನೆಗೆ ದನಿ ತಗ್ಗಿಸಿ ಹೇಳುತ್ತಿದ್ದ: "ಕೆಯು ತರಬೇತುದಾರನಾಗಿ ಆತ ಗೆದ್ದದ್ದು 55, ಸೋತದ್ದು 60. ಅವರ ಚರಿತ್ರೆಯಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ತರಬೇತುದಾರ ಅವನೊಬ್ಬನೇ." ಆಟವನ್ನು ಹುಟ್ಟಿಸಿದವನೇ ಹೆಚ್ಚು ಸೋತಿದ್ದರೆ ಸೋಲುವುದೇ ಆಟದ ಮೂಲ ಸ್ವಭಾವವಿರಬೇಕು ಎಂಬುದು ಅಜ್ಜನ ಸಿದ್ಧಾಂತ. ಅವನ ಮುಖ ನೋಡಿದರೆ ಅದನ್ನು ಖಂಡಿಸಲು ಮನಸ್ಸಾಗುತ್ತಿರಲಿಲ್ಲ.

ನೈಸ್ಮಿತ್ ಅವರ ಶಿಷ್ಯ ಫಾಗ್ ಆಲೆನ್. ಈ ಆಟವನ್ನು ಆಡಬಹುದೇ ಹೊರತು ಕಲಿಸಲಾಗದು ಎಂದು ಗುರುಗಳು ಅವರಿಗೆ ಹೇಳಿದ್ದರಂತೆ. ಶಿಷ್ಯ ಆ ಮಾತು ಕೇಳದೆ ಕಲಿಸುತ್ತಲೇ ಹೋಗಿ 1952ರಲ್ಲಿ ಕೆಯುಗೆ ರಾಷ್ಟ್ರ ಪ್ರಶಸ್ತಿ ತಂದರು. ಅದಕ್ಕೆ ಒಂದೇ ವರ್ಷ ಹಿಂದೆ, 1951ರಲ್ಲಿ, ಕೆ-ಸ್ಟೇಟ್ ಫೈನಲ್‌ವರೆಗೆ ಹೋಗಿ ಕೆಂಟಕಿಗೆ ಸೋತಿತ್ತು. ಅಷ್ಟು ಹತ್ತಿರಕ್ಕೆ ಅದು ಮತ್ತೆ ಹೋಗಿಲ್ಲ. ಆಲೆನ್ ಹೆಸರಿನ ಫೀಲ್ಡ್‌ಹೌಸ್ ಲಾರೆನ್ಸಿನಲ್ಲಿ 1955ರ ಮಾರ್ಚ್ 1ರಂದು ಉದ್ಘಾಟನೆಯಾದಾಗ ಎದುರಾಳಿಯಾಗಿ ಕರೆಸಿದ್ದು ಕೆ-ಸ್ಟೇಟನ್ನೇ. ಗೃಹಪ್ರವೇಶಕ್ಕೆ ಕರೆದು 77-67ರಿಂದ ಸೋಲಿಸಿ ಕಳಿಸಿದರು. "ಅದು ಸೋಲಲ್ಲ, ಉಡುಗೊರೆ" ಎಂದು ಅಜ್ಜ ಸಮಜಾಯಿಷಿ ಕೊಡುತ್ತಿದ್ದ.

ಅವನಿಗಿದ್ದ ಇನ್ನೊಂದು ಆಸರೆ ಟೆಕ್ಸ್ ವಿಂಟರ್. 1953ರಿಂದ 1968ರವರೆಗೆ ಕೆ-ಸ್ಟೇಟಿನ ತರಬೇತುದಾರರಾಗಿದ್ದವರು, ಮೂವರು ಆಟಗಾರರು ತ್ರಿಕೋನವಾಗಿ ನಿಂತು ಚೆಂಡು ಸಾಗಿಸುವ ಪದ್ಧತಿಯನ್ನು ಇಲ್ಲೇ ಹದಗೊಳಿಸಿದವರು. ನಾನಿದ್ದ ಕಾಲಕ್ಕೆ ಅವರು ಶಿಕಾಗೊ ಬುಲ್ಸ್ ತಂಡದ ಸಹಾಯಕ ತರಬೇತುದಾರ. ಮೈಕೆಲ್ ಜೋರ್ಡನ್ ಅದೇ ತ್ರಿಕೋನದಲ್ಲಿ ಆಡಿ ವರ್ಷವರ್ಷವೂ ಗೆಲ್ಲುತ್ತಿದ್ದ. ಟಿವಿಯಲ್ಲಿ ಬುಲ್ಸ್ ಗೆದ್ದಾಗಲೆಲ್ಲ ಅಜ್ಜ ಎದ್ದುನಿಂತು, "ಈ ಬುದ್ಧಿ ಹೋದದ್ದು ಈ ಊರಿನಿಂದ" ಎನ್ನುತ್ತಿದ್ದ. "ಬುದ್ಧಿಯೆಲ್ಲ ಹೊರಗೆ ಹೋಗಿದ್ದಕ್ಕೇ ಒಳಗೆ ಹೀಗಾಗಿದೆ" ಎಂದು ಅಜ್ಜಿ ಹೆಣಿಗೆಯಿಂದ ತಲೆಯೆತ್ತದೆ ಹೇಳುತ್ತಿದ್ದಳು.

ಇಷ್ಟಾಗಿಯೂ ಅಜ್ಜ ಕೆಯು ವಿರುದ್ಧದ ಯಾವ ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. ಕೊನೆಯ ಎರಡು ನಿಮಿಷ ಉಳಿದಾಗ ಎದ್ದು, ಕೋಟು ತೊಟ್ಟು, ಹಿತ್ತಿಲಿಗೆ ಹೋಗುತ್ತಿದ್ದ. ಬ್ಯಾಸ್ಕೆಟ್‌ಬಾಲಿನ ಎರಡು ನಿಮಿಷ ಎಂದರೆ ಫೌಲು, ವಿರಾಮ, ಜಾಹೀರಾತು ಎಲ್ಲ ಸೇರಿ ಕಾಲು ಗಂಟೆ. ಅಷ್ಟು ಹೊತ್ತು ಹಿಮದಲ್ಲಿ ಏನು ಮಾಡುತ್ತಿದ್ದನೋ. ಒಮ್ಮೆ ಕಿಟಕಿಯಿಂದ ನೋಡಿದೆ: ನಾಯಿಗೆ ಏನೋ ವಿವರಿಸುತ್ತಿದ್ದ. ಫಲಿತಾಂಶವನ್ನು ಅಜ್ಜಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳು ಒಲೆ ಹಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಚೆರ್ರಿ ಪೈ ವಾಸನೆ ಹಿತ್ತಿಲಿಗೆ ತಲುಪುತ್ತಿತ್ತು. ಕೆ-ಸ್ಟೇಟ್ ಸೋತ ರಾತ್ರಿ ಗಂಡನಿಗೆ ಇಷ್ಟವಾದ ಪೈ ಮಾಡುವುದು ಅವಳು ಮದುವೆಯ ಮೊದಲ ವರ್ಷದಿಂದ ಪಾಲಿಸಿಕೊಂಡು ಬಂದ ನೇಮ. ಅಜ್ಜ ಬಾಗಿಲಲ್ಲಿ ನಿಂತು ಮೂಸಿ, "ಎಷ್ಟರಿಂದ?" ಎಂದಷ್ಟೇ ಕೇಳುತ್ತಿದ್ದ. ಎರಡು ತುಂಡು ತಿಂದ ಮೇಲೆ ರೆಫರಿಯನ್ನು ಬೈಯಲು ಶಕ್ತಿ ಬರುತ್ತಿತ್ತು. ಆ ಬರಗಾಲದಲ್ಲಿ ನಾನೂ ಚೆನ್ನಾಗಿಯೇ ದಪ್ಪಗಾದೆ.

ಒಂದು ಸಲ ಅಜ್ಜಿ ನನ್ನನ್ನು ಲಾರೆನ್ಸಿಗೆ ಕರೆದುಕೊಂಡು ಹೋದಳು, ಆಲೆನ್ ಫೀಲ್ಡ್‌ಹೌಸ್ ನೋಡದೆ ಊರಿಗೆ ಮರಳಬಾರದು ಎಂದು. ಕಾರು ಓಡಿಸಿದವನು ಅಜ್ಜ. ಆದರೆ ಒಳಗೆ ಬರಲೊಲ್ಲ. ಕಾರು ನಿಲ್ಲಿಸುವ ಬಯಲಿನಲ್ಲಿ, ಹೀಟರ್ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಪಕ್ಕದಲ್ಲಿಟ್ಟುಕೊಂಡು, ಗೋಡೆಯಾಚೆ ನಡೆಯುವ ಪಂದ್ಯವನ್ನು ಕೆ-ಸ್ಟೇಟಿನ ರೇಡಿಯೋದಲ್ಲಿ ಕೇಳುತ್ತೇನೆ ಎಂದ. ಒಳಗಿನ ಆರ್ಭಟ ಅವನಿಗೆ ಎರಡೆರಡು ಸಲ ಕೇಳಿಸುವುದಲ್ಲ ಎಂದೆ. "ಅದಕ್ಕೇ ಒಳಗೆ ಬರುವುದಿಲ್ಲ" ಎಂದ.

ಒಳಗೆ 16,000ಕ್ಕೂ ಹೆಚ್ಚು ಜನ. ಮೇಲೆ ತೂಗುಹಾಕಿದ ದೊಡ್ಡ ಬಟ್ಟೆಯಲ್ಲಿ, ಒಳಬರುವವರೇ ಫಾಗ್ ಬಗ್ಗೆ ಎಚ್ಚರವಿರಲಿ ಎಂಬ ಅರ್ಥದ ಬರಹ. 1988ರಲ್ಲಿ ಹುಡುಗರು ಹಾಸ್ಟೆಲಿನ ಬಚ್ಚಲುಮನೆಯ ಪರದೆಗಳ ಮೇಲೆ ಬರೆದು ಮೊದಲ ಬಾರಿಗೆ ಅದನ್ನು ತೂಗುಹಾಕಿದರಂತೆ. ಎದುರಾಳಿಗಳ ಹೆಸರು ಕೂಗುವಾಗ ಕೆಯು ವಿದ್ಯಾರ್ಥಿಗಳೆಲ್ಲ ತಮ್ಮ ಪತ್ರಿಕೆಯನ್ನು ಮುಖಕ್ಕಡ್ಡ ಹಿಡಿದು, ನೀವು ಯಾರೋ ನಮಗೆ ಗೊತ್ತೇ ಇಲ್ಲ ಎಂಬಂತೆ ಓದುವ ನಟನೆ ಮಾಡುವುದು ರೂಢಿ. ನನ್ನ ಪಕ್ಕದಲ್ಲಿ ಅಜ್ಜಿಯೂ ಪತ್ರಿಕೆ ಬಿಡಿಸಿದಳು. ಹುಡುಗರೆಲ್ಲ ಮಡಿಸಿಟ್ಟ ಮೇಲೂ ಅವಳದು ಬಿಡಿಸಿಯೇ ಇತ್ತು. ಬಗ್ಗಿ ನೋಡಿದರೆ ಮರಣವಾರ್ತೆಯ ಕಾಲಂ ನಿಜವಾಗಿಯೇ ಓದುತ್ತಿದ್ದಳು. "ಗೊತ್ತಿದ್ದವರು ಯಾರಾದರೂ ಇದ್ದಾರಾ ನೋಡುತ್ತಿದ್ದೆ" ಎಂದಳು.

ಪಂದ್ಯಕ್ಕೆ ಮುಂಚೆ ಅವರ ಘೋಷ. 1886ರಲ್ಲಿ ಅಲ್ಲಿಯ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಂದ ಆರಂಭವಾದದ್ದು, ಆ ಗುಡ್ಡದ ಸುಣ್ಣಕಲ್ಲನ್ನು ನೆನೆಯುವ ನಾಲ್ಕೇ ಪದ. ದೀಪ ತಗ್ಗಿಸಿ, ಕೈ ಎತ್ತಿ, ಅಷ್ಟೂ ಜನ ಅದನ್ನು ಎಳೆದೆಳೆದು ಹೇಳಿದಾಗ ನನ್ನ ತೋಳಿನ ಕೂದಲು ನೆಟ್ಟಗಾಯಿತು. ವಿರೋಧಿಗಳ ಮನೆಯಲ್ಲಿ ರೋಮಾಂಚನವಾಗುವುದು ಬಹಳ ಮುಜುಗರದ ವಿಷಯ. ಸ್ವೆಟರಿನ ತೋಳು ಕೆಳಗೆಳೆದುಕೊಂಡೆ. ಕೊನೆಗೆ ಅವರು ಗೆದ್ದರು. ಗೆದ್ದಾಗ ಅವರು ಮಾಡುವುದು ಇನ್ನೂ ವಿಚಿತ್ರ: ಎಲ್ಲರೂ ಎದ್ದು, ತೋಳುಗಳನ್ನು ಮೇಲೆತ್ತಿ, ಎಡಕ್ಕೂ ಬಲಕ್ಕೂ ನಿಧಾನವಾಗಿ ಬಾಗುತ್ತಾರೆ, ಗಾಳಿಗೆ ತೂಗುವ ಗೋಧಿಯ ಹೊಲದ ಅಭಿನಯ ಅದು. ಬೇಸಾಯದ ಕಾಲೇಜೆಂದು ನಮ್ಮನ್ನು ಹಂಗಿಸಿದವರು ಸಂತೋಷ ಉಕ್ಕಿದಾಗ ತಾವೇ ಬೆಳೆಯಾಗಿ ನಿಲ್ಲುತ್ತಾರೆ! ಕಾರಿಗೆ ಬಂದು ಇದನ್ನು ಹೇಳಿದಾಗ ಅಜ್ಜ ಗೇರು ಬದಲಿಸುತ್ತ, "ಬಿತ್ತಲು ಬರುವುದಿಲ್ಲ, ಅಲ್ಲಾಡಲು ಬರುತ್ತದೆ" ಎಂದ. ಟೊಪೀಕಾ ದಾಟುವವರೆಗೆ ಮತ್ತೆ ಮಾತಾಡಲಿಲ್ಲ.

ನಮಗೂ ನಮ್ಮ ಆಚರಣೆಗಳಿದ್ದವು. ಹಿಂದೆ ಹಳೆಯ ಏಹರ್ನ್ ಫೀಲ್ಡ್‌ಹೌಸಿನ ಕಾಲದಲ್ಲಿ ಕೆಯು ಬಂದಾಗ ನಮ್ಮ ಹುಡುಗರು ಜೀವಂತ ಕೋಳಿಗಳನ್ನು ಅಂಗಳಕ್ಕೆ ಎಸೆದಿದ್ದರಂತೆ, ಅವರ ಹಕ್ಕಿಯ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಲು. ಕೋಳಿಗಳ ಅಭಿಪ್ರಾಯವನ್ನು ಯಾರೂ ಕೇಳಿರಲಾರರು. ನನ್ನ ಕಾಲಕ್ಕೆ ಉಳಿದಿದ್ದದ್ದು 'ವಾಬಾಶ್ ಕ್ಯಾನನ್‌ಬಾಲ್' ಎಂಬ ಹಳೆಯ ರೈಲು ಹಾಡಿನ ವಾದನ. 1968ರ ಡಿಸೆಂಬರಿನಲ್ಲಿ ನಿಕಲ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು ಸಂಗೀತ ವಿಭಾಗ ಸುಟ್ಟುಹೋಯಿತು. ವಾದ್ಯ ಹೋಯಿತು, ಸ್ವರಲಿಪಿಗಳೆಲ್ಲ ಹೋದವು. ವಾದ್ಯವೃಂದದ ನಿರ್ದೇಶಕರು ಮನೆಗೆ ಒಯ್ದಿದ್ದ ಈ ಒಂದೇ ಹಾಡಿನ ಹಾಳೆ ಉಳಿಯಿತು. ಅಂದಿನಿಂದ ಅದು ಊರಿನ ಹಾಡು. ಅದು ಮೊಳಗಿದಾಗ ಹುಡುಗ ಹುಡುಗಿಯರು ಒಬ್ಬರು ಮುಂದಕ್ಕೆ, ಪಕ್ಕದವರು ಹಿಂದಕ್ಕೆ ಬಾಗುತ್ತ ತೂಗುತ್ತಾರೆ. ಸುಟ್ಟುಹೋದ ಮನೆಯಲ್ಲಿ ಉಳಿದ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿಕೊಂಡು, ಅದೇ ಅಡುಗೆಯನ್ನು ಹಬ್ಬವಾಗಿಸಿಕೊಂಡ ಜನ ಅವರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಬಹುಶಃ ಆ ಹಾಡಿನಿಂದಲೇ.

ಈ ಪೈಪೋಟಿಯ ರೋಗ ನಮ್ಮವರನ್ನೂ ಬಿಟ್ಟಿರಲಿಲ್ಲ. ಯುಗಾದಿಗೆ ಸುತ್ತಲಿನ ಕನ್ನಡಿಗರು ಟೊಪೀಕಾದಲ್ಲಿ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಮೈಸೂರಿನವರೂ ಧಾರವಾಡದವರೂ ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುವ ಹಳೆಯ ಪದ್ಧತಿಯನ್ನು ಅಲ್ಲಿ ಕೈಬಿಟ್ಟಿದ್ದರು. ಪಂಗಡವಾಗುತ್ತಿದ್ದದ್ದು ಹೊಸ ರೀತಿಯಲ್ಲಿ: ಲಾರೆನ್ಸಿನ ಎಂಜಿನಿಯರುಗಳು ಸೋಫಾದ ಮೇಲೆ, ಮ್ಯಾನ್‌ಹ್ಯಾಟನ್ನಿನ ಬೀಜ ಗೊಬ್ಬರದವರು ಕಾರ್ಪೆಟ್ಟಿನ ಮೇಲೆ. ಬೇವು ಬೆಲ್ಲ ಹಂಚುವಾಗ ಮೈಸೂರಿನ ಒಬ್ಬರು ನನ್ನ ಕೈಗೆ ಬೇವನ್ನಷ್ಟೇ ಹಾಕಿ, "ಕೆ-ಸ್ಟೇಟಿನೋರಿಗೆ ಇದು ಅಭ್ಯಾಸ ಇದೆ ಅಲ್ವೇ?" ಎಂದರು.

ಬೇವು ನುಂಗಬಹುದಿತ್ತು. ನುಂಗಲಾಗದ ಸಂಗತಿ ಬೇರೆ ಇತ್ತು. ಒಂದು ರಾತ್ರಿ ಪೈ ತಿನ್ನುತ್ತ ಅಜ್ಜ, "ನೀವು ನಮ್ಮನ್ನು ದ್ವೇಷಿಸುವುದಕ್ಕಿಂತ ನಾವು ನಿಮ್ಮನ್ನು ಹೆಚ್ಚು ದ್ವೇಷಿಸುತ್ತೇವೆ" ಎಂದು ಸವಾಲು ಹಾಕಿದ. ಅಜ್ಜಿ ಬಹಳ ಮೃದುವಾಗಿ, "ಅಯ್ಯೋ, ನಿಮ್ಮ ಮೇಲೆ ನಮಗೆ ದ್ವೇಷವೇ ಇಲ್ಲ. ನಮ್ಮ ಜಗಳವೇನಿದ್ದರೂ ಮಿಸೌರಿಯವರ ಜೊತೆ" ಎಂದಳು. ಅದು ನಿಜವೇ. ಗುಲಾಮಗಿರಿಯ ಕಾಲದಲ್ಲಿ ಕ್ಯಾನ್ಸಸ್ ಮತ್ತು ಮಿಸೌರಿಯ ಗಡಿಯಲ್ಲಿ ರಕ್ತ ಹರಿದಿದೆ. 1863ರ ಆಗಸ್ಟಿನಲ್ಲಿ ಕ್ವಾಂಟ್ರಿಲ್‌ನ ದಂಡು ಗಡಿ ದಾಟಿ ಬಂದು ಲಾರೆನ್ಸನ್ನು ಸುಟ್ಟು, ಸುಮಾರು 150 ಗಂಡಸರು ಹುಡುಗರನ್ನು ಕೊಂದಿತ್ತು. ಅಂಥ ವೈರದ ಮುಂದೆ ನಮ್ಮ ಕೋಳಿ ಎಸೆತ ಯಾವ ಲೆಕ್ಕ? ಅಜ್ಜ ಆ ರಾತ್ರಿ ಎರಡನೆಯ ತುಂಡು ಮುಟ್ಟಲಿಲ್ಲ. ಅಷ್ಟೊಂದು ಸೋಲು ತಾಳಿಕೊಂಡ ಮನುಷ್ಯ ತನ್ನ ಮೇಲೆ ಅವರಿಗೆ ದ್ವೇಷವಿಲ್ಲ ಎಂಬುದನ್ನು ತಾಳಲಾರದೆ ಹೋದ. ಪೈಪೋಟಿಯಲ್ಲಿ ಸೋಲುವುದಕ್ಕಿಂತ ದೊಡ್ಡ ಅವಮಾನ ಇದು: ನೀನು ಯಾರನ್ನು ಜೀವಮಾನದ ಎದುರಾಳಿ ಎಂದುಕೊಂಡಿದ್ದೀಯೋ ಅವನಿಗೆ ನೀನು ಕ್ಯಾಲೆಂಡರಿನ ಇನ್ನೊಂದು ತಾರೀಕು.

ನಾನು ಪದವಿ ಕಟ್ಟಿಕೊಂಡು ಧಾರವಾಡಕ್ಕೆ ಮರಳಿದೆ. ಎತ್ತಿನಗುಡ್ಡದ ಜೋಳದ ತಾಕುಗಳಲ್ಲಿ ಕೆಲಸ, ಸಂಸಾರ, ಬಿ.ಪಿ. ಮಾತ್ರೆ ಎಲ್ಲ ಕ್ರಮವಾಗಿ ಬಂದವು. ಅಜ್ಜನ ಇಮೇಲುಗಳೂ ಬರುತ್ತಿದ್ದವು, ಎಲ್ಲವೂ ದೊಡ್ಡಕ್ಷರಗಳಲ್ಲಿ, ಯಾರೋ ಕೂಗಿ ಹೇಳುತ್ತಿರುವಂತೆ. 2006ರ ಜನವರಿ 14ರಂದು ಕೆ-ಸ್ಟೇಟ್ ಲಾರೆನ್ಸಿಗೇ ಹೋಗಿ 59-55ರಿಂದ ಗೆದ್ದಿತು. ಮರುದಿನ ಬಂದ ಪತ್ರದಲ್ಲಿ ನಾನು ಕುಣಿತ ಕೇಕೆಗಳನ್ನು ಹುಡುಕಿದೆ. ಅಲ್ಲಿದ್ದದ್ದು ಗಾಬರಿ. ಎಂದಿನಂತೆ ಕೊನೆಯ ಎರಡು ನಿಮಿಷ ಹಿತ್ತಿಲಲ್ಲಿದ್ದ ಅಜ್ಜನಿಗೆ ಪೈ ವಾಸನೆ ಬರಲಿಲ್ಲ. ಒಲೆ ಕೆಟ್ಟಿದೆಯೇನೋ ಎಂದು ಒಳಗೆ ಬಂದರೆ ಅಜ್ಜಿ ಟಿವಿಯ ಮುಂದೆ ಸೆಟೆದು ಕೂತಿದ್ದಳಂತೆ. ರೆಫರಿಯನ್ನು ಬೈದಳು, ತರಬೇತುದಾರನನ್ನು ಬೈದಳು, ಅಜ್ಜನ ಬೂಟಿಗೆ ಹಿಮ ಮೆತ್ತಿದೆಯೆಂದು ಬೈದಳು. ಹನ್ನೆರಡು ವರ್ಷ ಸೋತೇ ಗೊತ್ತಿಲ್ಲದವಳಿಗೆ ಸೋಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಅಜ್ಜನೇ ಅಂಗಡಿಯ ಸಿದ್ಧ ಹಿಟ್ಟು ತಂದು ಪೈ ಮಾಡಿದ. ತಳ ಕರಕಾಯಿತು. ಅವಳು ಅದನ್ನು ತಿಂದು ಮಲಗುವ ಹೊತ್ತಿಗೆ ನಡುರಾತ್ರಿ ಮೀರಿತ್ತು. "ಸೋಲುವುದರಲ್ಲಿ ನಾನು ಪಿಎಚ್.ಡಿ., ಅವಳಿನ್ನೂ ಒಂದನೇ ಇಯತ್ತೆ. ಮುಂದಿನ ಪಂದ್ಯ ಅವರೇ ಗೆದ್ದರೆ ಮನೆಗೆ ಒಳ್ಳೆಯದು" ಎಂದು ಬರೆದಿದ್ದ. ಅಂಚೆಪೆಟ್ಟಿಗೆ ತಿರುಗಿಸಿದ್ದೀರಾ ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

2008ರ ಜನವರಿ 30ರಂದು ಇನ್ನೊಂದು ಶಾಪ ಕಳೆಯಿತು. ಮೈಕೆಲ್ ಬೀಸ್ಲಿ ಆಡುತ್ತಿದ್ದ ಕೆ-ಸ್ಟೇಟ್ ತಂಡ ತನ್ನ ಮನೆಯಂಗಳದಲ್ಲೇ ಕೆಯುವನ್ನು 84-75ರಿಂದ ಸೋಲಿಸಿತು. 1988ರಲ್ಲಿ ಬ್ರ್ಯಾಮ್‌ಲೇಜ್ ಬಾಗಿಲು ತೆರೆದ ಮೇಲೆ ಅಲ್ಲಿ ಕೆಯು ಸೋತದ್ದು ಅದೇ ಮೊದಲು. ಅಜ್ಜ ಹಿಗ್ಗುವ ಮೊದಲೇ ಇತಿಹಾಸಕಾರನಾಗಿ ಒಂದು ಸಂಗತಿ ಹೆಕ್ಕಿ ತೆಗೆದ. ಸರಿಯಾಗಿ 20 ವರ್ಷ ಹಿಂದೆ, 1988ರ ಅದೇ ಜನವರಿ 30ರಂದು, ಲಾರೆನ್ಸಿನಲ್ಲಿ ಕೆಯು ಸತತ 55 ಗೆಲುವುಗಳ ಸರಪಳಿಯನ್ನು ಕೆ-ಸ್ಟೇಟ್ ತುಂಡರಿಸಿತ್ತು. ಆ ವರ್ಷ ರಾಷ್ಟ್ರ ಚಾಂಪಿಯನ್ ಆದದ್ದು ಯಾರು? ಕೆಯು. ಅದೂ ದಾರಿಯಲ್ಲಿ ಕೆ-ಸ್ಟೇಟನ್ನೇ ಹೊರಗೆ ತಳ್ಳಿ. 2008ರ ಏಪ್ರಿಲಿನಲ್ಲೂ ಹಾಗೆಯೇ ಆಯಿತು, ಕೆಯು ಮತ್ತೆ ಚಾಂಪಿಯನ್. "ನಾವು ಅವರ ಸಾಣೆಕಲ್ಲು. ಹರಿತವಾಗುವುದು ಅವರು, ಸವೆಯುವುದು ನಾವು" ಎಂದು ಬರೆದ. ಆ ಪತ್ರದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಾಗಿ ಕಂಡಿತು.

ಆಮೇಲೆ 2012 ಬಂತು. ಟಿವಿ ಹಣದ ಗಾಳಿ ಬೀಸಿ ವಿಶ್ವವಿದ್ಯಾಲಯಗಳು ಒಂದು ಕ್ರೀಡಾ ಒಕ್ಕೂಟದಿಂದ ಇನ್ನೊಂದಕ್ಕೆ ಹಾರತೊಡಗಿದ್ದವು. ಮಿಸೌರಿ ಕೆಯು ಜೊತೆಗಿದ್ದ ಹಳೆಯ ಒಕ್ಕೂಟ ಬಿಟ್ಟು ಹೋಯಿತು. ಫೆಬ್ರವರಿಯಲ್ಲಿ ಆಲೆನ್ ಫೀಲ್ಡ್‌ಹೌಸಿನಲ್ಲಿ ಕೊನೆಯ ಪಂದ್ಯ. 19 ಅಂಕ ಹಿಂದಿದ್ದ ಕೆಯು, ಹೆಚ್ಚುವರಿ ಸಮಯದಲ್ಲಿ ಒಂದೇ ಅಂಕದಿಂದ, 87-86ರಿಂದ ಗೆದ್ದಿತು. ಅಲ್ಲಿಗೆ ಮುಗಿಯಿತು. ಬಿಟ್ಟು ಹೋದವರ ಜೊತೆ ನಮಗೇನು ಆಟ ಎಂದು ಕೆಯುನವರು ಮುನಿಸಿಕೊಂಡರು. ಋತುವಿನ ಲೆಕ್ಕಕ್ಕೆ ಸೇರುವ ಪಂದ್ಯ ಮತ್ತೆ ನಡೆದದ್ದು 2021ರ ಡಿಸೆಂಬರಿನಲ್ಲಿ. ಒಂದೂವರೆ ಶತಮಾನ ಬೆಂಕಿ ಆರದಂತೆ ನೋಡಿಕೊಂಡ ವೈರವನ್ನು ಪ್ರಸಾರದ ಹಕ್ಕುಪತ್ರ ಒಂದೇ ಸಹಿಯಲ್ಲಿ ನಂದಿಸಿಬಿಟ್ಟಿತ್ತು. ಕೊನೆಯ ಪಂದ್ಯದ ಆ ಚಳಿಗಾಲ ಫೋನಿನಲ್ಲಿ ಅಜ್ಜಿ, "ಇನ್ನು ನಾನು ಯಾರನ್ನು ಬೈಯಲಿ?" ಎಂದಳು. ಹಿನ್ನೆಲೆಯಲ್ಲಿ ಅಜ್ಜನ ದನಿ: "ನಾವಿದ್ದೇವಲ್ಲ." ಅವಳು ನಕ್ಕಳು. ಅವನೂ ನಕ್ಕ. ಆದರೆ ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಈಗ ಯೋಚಿಸಿದರೆ ಅನ್ನಿಸುತ್ತದೆ, ಸ್ನೇಹಿತರು ನಮ್ಮನ್ನು ಮರೆಯುವುದಿದೆ, ಸಂಬಂಧಿಕರು ಆಸ್ತಿ ಹಂಚಿಕೊಂಡ ಮೇಲೆ ಮರೆಯುತ್ತಾರೆ. ಆದರೆ ಎದುರಾಳಿ ನಮ್ಮ ಪ್ರತಿ ತಪ್ಪನ್ನೂ ಪ್ರತಿ ತಾರೀಕನ್ನೂ ನೆನಪಿಟ್ಟುಕೊಂಡಿರುತ್ತಾನೆ. ಅಷ್ಟು ಗಮನವಿಟ್ಟು ನಮ್ಮನ್ನು ನೋಡಿದವರು ಇನ್ನು ಯಾರಿದ್ದಾರೆ? ಈ ಎರಡು ತಂಡಗಳು ಸುಮಾರು 300 ಪಂದ್ಯ ಆಡಿವೆ, ಮೂರರಲ್ಲಿ ಎರಡನ್ನು ಕೆಯು ಗೆದ್ದಿದೆ. ಹಾಗಿದ್ದೂ ಕೆಯು ಗೆಲುವುಗಳ ಲೆಕ್ಕ ಅಷ್ಟು ಅಚ್ಚುಕಟ್ಟಾಗಿ ಸಿಗುವುದು ಮ್ಯಾನ್‌ಹ್ಯಾಟನ್ನಿನ ಮುದುಕರ ತಲೆಯಲ್ಲಿ. ಸೋತವನು ಬರೆದಿಟ್ಟುಕೊಂಡಿದ್ದಾನೆಂದೇ ಗೆದ್ದವನ ಚರಿತ್ರೆ ಉಳಿದಿದೆ.

ಅಜ್ಜ ಹೋಗಿ ಕೆಲವು ವರ್ಷಗಳಾದವು. ಅಜ್ಜಿ ಈಗ ಮಗಳ ಮನೆಯಲ್ಲಿದ್ದಾಳೆ. ಅಲ್ಲಿಂದ ಬಂದ ಒಂದು ಪತ್ರದಲ್ಲಿ, ಫ್ರಿಜ್ಜಿನ ಬಾಗಿಲಿಗೆ ಕೆ-ಸ್ಟೇಟಿನ ಪಂದ್ಯಗಳ ಪಟ್ಟಿ ಅಂಟಿಸಿಕೊಂಡಿದ್ದೇನೆ, ಆ ಹುಡುಗರ ಬಗ್ಗೆ ಚಿಂತಿಸಲು ಮನೆಯಲ್ಲಿ ಯಾರಾದರೂ ಬೇಕಲ್ಲ ಎಂದು ಬರೆದಿದ್ದಳು. ಕೊನೆಯ ಎರಡು ನಿಮಿಷಕ್ಕೆ ಅವಳೇ ಎದ್ದು ಹೊರಗೆ ಹೋಗುತ್ತಾಳಂತೆ. ಅವನ ಪಾಳಿ ಈಗ ನನ್ನದು ಎಂಬ ಅರ್ಥದ ಒಂದು ಸಾಲು ಆ ಪತ್ರದಲ್ಲಿತ್ತು.

ಇಷ್ಟರಲ್ಲಿ ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದಲು ಹೋದ. ಎಲ್ಲಿಗೆ? ಲಾರೆನ್ಸಿಗೆ. 2022ರಲ್ಲಿ ಕೆಯು ಮತ್ತೆ ರಾಷ್ಟ್ರ ಚಾಂಪಿಯನ್ ಆಗಿದ್ದ ವರ್ಷ ಅದು. ಹೊರಡುವ ಮೊದಲು ಅವನನ್ನು ಕೂರಿಸಿಕೊಂಡು ಎರಡು ವಿಶ್ವವಿದ್ಯಾಲಯಗಳ ವ್ಯಾಜ್ಯವನ್ನು ನೈಸ್ಮಿತ್ ಕಾಲದಿಂದ ವಿವರಿಸಿದೆ, 55-60 ಸಮೇತ. ಹೋಗಿ ಎರಡು ತಿಂಗಳಾದ ಮೇಲೆ ಫೋನ್ ಮಾಡಿ, "ಮಾಮಾ, ಇಲ್ಲೆ ಯಾರೂ ನಿಮ್ಮ ಕೆ-ಸ್ಟೇಟ್ ಹೆಸರೂ ತಗಿಯಂಗಿಲ್ಲ. ಎಲ್ಲಾರೂ ಮಿಸೌರಿ ಮಿಸೌರಿ ಅಂತಾರ" ಎಂದ. ಅಜ್ಜ ಎರಡನೆಯ ತುಂಡು ಪೈ ಮುಟ್ಟದ ರಾತ್ರಿ ಅವನಿಗೆ ಏನಾಗಿತ್ತೆಂದು ನನಗೆ ಅವತ್ತು ತಿಳಿಯಿತು. ಊಟಕ್ಕೆ ಕೂತರೂ ರೊಟ್ಟಿ ಗಂಟಲಲ್ಲಿ ಇಳಿಯಲೊಲ್ಲದು.

2023ರ ಜನವರಿಯ ಒಂದು ಬೆಳಿಗ್ಗೆ ಮತ್ತೆ ಅವನ ಫೋನ್. ಹಿಂದಿನ ಸಂಜೆ, ಅಂದರೆ ಅಲ್ಲಿಯ 17ನೇ ತಾರೀಕು, ಬ್ರ್ಯಾಮ್‌ಲೇಜಿನಲ್ಲಿ ಪಂದ್ಯ ಸಮವಾಗಿ, ಹೆಚ್ಚುವರಿ ಸಮಯಕ್ಕೆ ಹೋಗಿ, ಕೊನೆಯ ಗಳಿಗೆಯಲ್ಲಿ ಮಾರ್ಕ್ವಿಸ್ ನೋವೆಲ್ ಎತ್ತರಕ್ಕೆ ಎಸೆದ ಚೆಂಡನ್ನು ಕಿಯಾಂಟೇ ಜಾನ್ಸನ್ ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿ, ಕೆ-ಸ್ಟೇಟ್ 83-82ರಿಂದ ಗೆದ್ದಿತ್ತು. ಹುಡುಗ ಗೆಳೆಯರ ಜೊತೆ ಮ್ಯಾನ್‌ಹ್ಯಾಟನ್ನಿಗೇ ಹೋಗಿದ್ದನಂತೆ. "ಮಾಮಾ, ನಿಮ್ಮ ಮಂದಿಗೆ ಭಾಳ ಸೊಕ್ಕು ಬಂದೈತಿ! ಒಂದು ಪಾಯಿಂಟ್‌ಲೆ ಗೆದ್ದು ಏನ್ ಕುಣೀತಾರ, ಎಲ್ಲಾರೂ ಅಂಗಳದಾಗ ನುಗ್ಗಿದ್ರು! ರೆಫರೀನೂ ಅವರ ಕಡೀಯವನ. ಲಾರೆನ್ಸಿಗೆ ಬರ್ಲಿ, ತೋರಸ್ತೀವಿ!" ಎಂದು ಒಂದೇ ಉಸಿರಿಗೆ ಶುರುಮಾಡಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಚಹಾ ಆರಿ ತಣ್ಣಗಾದರೂ ಅವನು ಬೈಯುತ್ತಲೇ ಇದ್ದ. ಲಾರೆನ್ಸಿನಿಂದ ಒಬ್ಬ ನಮ್ಮನ್ನು ಇಷ್ಟು ಮನಸಾರೆ, ಇಷ್ಟು ವಿವರವಾಗಿ ಬೈದದ್ದನ್ನು ನನ್ನ ಕಿವಿ ಕೇಳಿದ್ದು ಅದೇ ಮೊದಲು.

ಫೋನ್ ಇಟ್ಟ ಮೇಲೆ, ಏನಂತ ಅಂವಾ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. "ಚೊಲೋ ಓದಲಿಕ್ಕತ್ತಾನ" ಎಂದೆ.